ಅತ್ತೆಗೆ ಕೇಳಿಸದ ಮಾತು

ಗಾಜಿನ ಡಬ್ಬಿಯೊಳಗೆ ಕೂತಿದ್ದ ಅಂಬುಜಮ್ಮನಿಗೆ ಹೊರಗಿನದೆಲ್ಲ ಕಾಣುತ್ತಿತ್ತು, ಆದರೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಎರಡೂ ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿ ಅದರೊಳಗೆ ಡೋಲು, ನಾದಸ್ವರ ಬಿಟ್ಟಿದ್ದರು. ಮದುವೆ ಮನೆಯಲ್ಲಿ ವಾಲಗದವರ ಪಕ್ಕದಲ್ಲೇ ಕೂರಿಸಿದಂತಾಗಿ ತಲೆ ಧಿಮ್ಮೆನ್ನುತ್ತಿತ್ತು. ಹತ್ತು ಮಾರು ದೂರದಲ್ಲಿ, ಬಣ್ಣದ ದೀಪಗಳ ಕೆಳಗೆ, ಸೊಸೆ ಲತಾಮಣಿ ಮೈಕು ಹಿಡಿದು ನಿಂತಿದ್ದಳು.

ಆಟದ ಹೆಸರು ‘ಅತ್ತೆಗೆ ಕೇಳಿಸಬಾರದು’. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಊರೆಲ್ಲ ಉಂಡು ಅಡ್ಡಾಗುವ ಹೊತ್ತಿಗೆ, ರಿಮೋಟಿನಲ್ಲಿ ಹುಡುಕಿ ಹುಡುಕಿ ಸಾಕಾದ ಮೇಲೆ ಸಿಗುವಂಥ ಒಂದು ಸಣ್ಣ ಚಾನೆಲ್ಲಿನಲ್ಲಿ ಬರುತ್ತಿತ್ತು. ಯಾವುದೋ ಎಣ್ಣೆ ಕಂಪನಿಯವರ ದುಡ್ಡು. ಅತ್ತೆಯನ್ನು ಗಾಜಿನ ಡಬ್ಬಿಯಲ್ಲಿ ಕೂರಿಸಿ ಸೊಸೆಗೆ ಅತ್ತೆಯ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ. ಆಮೇಲೆ ಅತ್ತೆಯನ್ನು ಹೊರಗೆ ಕರೆದು ಅವೇ ಪ್ರಶ್ನೆ ಕೇಳುತ್ತಾರೆ. ಎರಡೂ ಉತ್ತರ ಹೊಂದಿದರೆ ಫ್ರಿಜ್ಜು. ಅಷ್ಟಕ್ಕೇ ಬಿಟ್ಟಿದ್ದರೆ ಯಾರ ಮನೆಯೂ ಕೆಡುತ್ತಿರಲಿಲ್ಲ. ಮೂರನೆಯದೊಂದು ಗುಟ್ಟಿನ ಪ್ರಶ್ನೆ ಇಟ್ಟಿದ್ದರು: ‘ಅತ್ತೆಗೆ ಇದುವರೆಗೂ ಹೇಳದೆ ಉಳಿಸಿಕೊಂಡ ಮಾತು ಯಾವುದು?’ ಇದಕ್ಕೆ ಸೊಸೆ ಕೊಟ್ಟ ಉತ್ತರವನ್ನು ಅತ್ತೆಗೆ ಅಲ್ಲಿ ಹೇಳುವುದಿಲ್ಲ. ಅವಳು ಊರಿಗೆ ಹೋಗಿ, ಪ್ರಸಾರವಾಗುವ ದಿನದವರೆಗೆ ಕಾದು, ನಾಲ್ಕು ಜನರ ನಡುವೆ ಕೂತು ಟೀವಿಯಲ್ಲೇ ಕೇಳಿಸಿಕೊಳ್ಳಬೇಕು. ಇದರಲ್ಲೇ ಮಜಾ ಇದೆ ಅಂತ ಆ ಆಟ ಕಟ್ಟಿದವರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಮೊದಲೆರಡು ಉತ್ತರಕ್ಕೆ ಜನ ನಕ್ಕಿದ್ದು ಗಾಜಿನಾಚೆ ಕಂಡಿತು. ಮೂರನೆಯದಕ್ಕೆ ಯಾರೂ ನಗಲಿಲ್ಲ. ಲತಾಮಣಿ ನೆಲ ನೋಡಿಕೊಂಡು ಮಾತಾಡಿದಳು, ನಡುನಡುವೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಸ್ಸಿನಲ್ಲಿ ತುಂಬಿಕೊಂಡು ಬಂದು ಕೂರಿಸಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಗಾಜಿನ ಡಬ್ಬಿಯ ಕಡೆ ತಿರುಗಿದರು. ಅಂಬುಜಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವರಿಗೆ ಕೈ ಬೀಸಿ ನಕ್ಕಳು.

ಹೊರಗೆ ಕರೆದ ಮೇಲೆ ಎರಡೂ ಉತ್ತರ ಹೊಂದಿದವು. ಅತ್ತೆಗೆ ಇಷ್ಟವಾದ ಸಾರು ಹುರುಳಿಕಾಳಿನ ಬಸ್ಸಾರು. ಅತ್ತೆಗೆ ಕೋಪ ಬಂದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಜನ ಚಪ್ಪಾಳೆ ತಟ್ಟಿದರು, ಕೆಂಪು ಫ್ರಿಜ್ಜಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ಅಂಬುಜಮ್ಮ ಫ್ರಿಜ್ಜಿನತ್ತ ನೋಡಲೂ ಇಲ್ಲ. ಅವಳು ನೋಡುತ್ತಿದ್ದುದು ಸೊಸೆಯ ಕಣ್ಣನ್ನು.

ಕೆಂಗೇರಿಯಲ್ಲಿ ರೈಲು ಹತ್ತಿ ಕೂತಿದ್ದೇ ತಡ, ಕೇಳಿದಳು.

"ಏನವ್ವ ಅಂದೆ ಅಲ್ಲಿ?"

"ಹೇಳಂಗಿಲ್ಲ ಅತ್ತೆ. ಕಾಗದಕ್ಕೆ ಸೈನ್ ಹಾಕಿಸ್ಕಂಡವ್ರೆ. ಮುಂಚೆನೇ ಹೇಳ್ಬುಟ್ರೆ ಫ್ರಿಜ್ ಕೊಡಕಿಲ್ವಂತೆ."

"ನಾನೇನ್ ಅವ್ರ ಮುಂದೆ ಹೋಗಿ ವರದಿ ಒಪ್ಪಿಸ್ತೀನಾ?"

"ಟೀವೀಲೇ ಕೇಳಿ ಅತ್ತೆ. ನನ್ನ ಬಾಯಲ್ಲಿ ಇನ್ನೊಂದ್ಸಲ ಬರಕಿಲ್ಲ."

ಬಿಡದಿಯಲ್ಲಿ ಫ್ಯಾಕ್ಟರಿ ಬಿಟ್ಟ ಜನ ನುಗ್ಗಿದರು. ಅವರ ನಡುವೆ ಒಬ್ಬ ಬಸುರಿ ಹೆಂಗಸು ಹತ್ತಿದಳು. ಲತಾಮಣಿ ತಟ್ಟನೆ ಎದ್ದು ಜಾಗ ಬಿಟ್ಟುಕೊಟ್ಟು ಚನ್ನಪಟ್ಟಣದವರೆಗೂ ನಿಂತೇ ಬಂದಳು. ಅದನ್ನು ಕಂಡ ಗಳಿಗೆಯಲ್ಲೇ ಅಂಬುಜಮ್ಮನಿಗೆ ಸೊಸೆ ಏನು ಹೇಳಿರಬಹುದು ಅಂತ ಹೊಳೆದುಬಿಟ್ಟಿತು.

ನಾಲ್ಕು ವರ್ಷದ ಹಿಂದಿನ ಮಾತು ಅದು. ದೊಡ್ಡಮಳೂರಿನಿಂದ ಒಳಕ್ಕಿರುವ ಅವರ ಊರಿನಲ್ಲಿ ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಾರೆ. ಹುಳು ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾಯಿತೋ, ಇನ್ನು ಯಾರಿಗೂ ಕಾಯುವುದಿಲ್ಲ. ಮನೆಮಂದಿಯೆಲ್ಲ ಸೇರಿ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಲ್ಲದಿದ್ದರೆ ಬಿದ್ದಲ್ಲೇ ನೂಲು ಬಿಟ್ಟು ಬೆಳೆಯೆಲ್ಲ ಹಾಳು. ಆ ಸಲದ ಬೆಳೆ ಲತಾಮಣಿಯದು. ಮಗಳು ದಿವ್ಯ ಹುಟ್ಟಿ ಐದು ವರ್ಷವಾದರೂ ಅವಳು ಅತ್ತೆಯ ಕೈಕೆಳಗೇ ಮಾಡಿಕೊಂಡು ಬಂದವಳು, ಅದೇ ಮೊದಲ ಸಲ ಮರಿಹುಳು ಬಿಟ್ಟಿದ್ದರಿಂದ ಹಿಡಿದು ಎಲ್ಲ ತಾನೇ ನೋಡಿಕೊಂಡಿದ್ದಳು. ಮೊದಲ ಬೆಳೆ ಚೆನ್ನಾಗಿ ಬಂದರೆ ಸೊಸೆಯ ಕೈಗುಣ ಒಳ್ಳೆಯದು ಅನ್ನುತ್ತಾರೆ. ಕೆಟ್ಟರೆ ಆ ಹೆಸರು ಮುದುಕಿಯಾದರೂ ಬಿಡುವುದಿಲ್ಲ.

ಆಗ ಅವಳು ಮೂರು ತಿಂಗಳ ಬಸುರಿ. ನಸುಕಿನಲ್ಲಿ ಹುಳು ಹಣ್ಣಾಗಿದ್ದು ಕಂಡ ಅಂಬುಜಮ್ಮ, "ಏಳವ್ವ, ನಿನ್ ಬೆಳೆ, ನೀನೇ ಮಲಗುದ್ರೆ ಹೆಂಗೆ?" ಅಂತ ಎಬ್ಬಿಸಿದಳು. ಲತಾಮಣಿ ಹೊತ್ತೇರುವವರೆಗೂ ಬಗ್ಗಿ ಬಗ್ಗಿ ಹುಳು ಆರಿಸಿದಳು. ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗು ಉಳಿಯಲಿಲ್ಲ. ಇದು ಯಾರಿಂದಲೂ ಆದದ್ದಲ್ಲ, ಹೀಗೆ ಆಗುವುದುಂಟು ಅಂತ ಡಾಕ್ಟರಮ್ಮ ಹೇಳಿದರು. ಆ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರುಮನೆ ವನಜಾಕ್ಷಿ ಅತ್ತೆಯಿಂದಲೇ ಹೀಗಾಯಿತು ಅಂತ ಊರು ತುಂಬ ಹೇಳಿಕೊಂಡು ಬಂದಳು. ಮಗ ಅನಂತರಾಜು ಆಸ್ಪತ್ರೆಯ ಬಾಗಿಲಲ್ಲಿ ಒಂದೇ ಒಂದು ಮಾತು ಕೇಳಿದ.

"ನಿಂಗೆ ಹುಳನೇ ಹೆಚ್ಚಾಯ್ತೇನವ್ವ?"

ಆಮೇಲೆ ಅವನು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬಿಡದಿಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುತ್ತಾನೆ, ಬರುತ್ತಾನೆ, ಮೈಗೆ ಹುಷಾರಿಲ್ಲ ಅಂದರೆ ಮಾತ್ರೆ ತಂದುಕೊಡುತ್ತಾನೆ. ಅವ್ವನ ಹತ್ತಿರ ಕೂತು ಹರಟುವುದನ್ನು ಮಾತ್ರ ಅವತ್ತೇ ನಿಲ್ಲಿಸಿದ. ಈಗ ಅದೇ ಮಾತು ಟೀವಿಯಲ್ಲಿ, ಸೊಸೆಯ ಬಾಯಲ್ಲಿ, ಇಡೀ ತಾಲೂಕಿಗೇ ಕೇಳಿಸಲಿದೆ ಅಂತ ಅಂಬುಜಮ್ಮ ಹೆದರಿದಳು.

ಅವರದು ಹನ್ನೊಂದನೇ ಕಂತು. ಇವರು ಹೋಗಿ ಬಂದಾಗ ನಾಲ್ಕು ಕಂತು ಮುಗಿದಿದ್ದವು. ಏಳನೇ ಭಾನುವಾರಕ್ಕೆ ಇವರ ಸರದಿ. ದಿವ್ಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸ್ಕೆಚ್ ಪೆನ್ನಿನಿಂದ ಫ್ರಿಜ್ಜು ಬರೆದಳು. ಅಂಬುಜಮ್ಮನ ಗಂಡ ಸಿದ್ದಯ್ಯನಿಗಂತೂ ನೆಲ ಕಾಣುತ್ತಿರಲಿಲ್ಲ. ಡೈರಿಯಲ್ಲಿ, ಕಟಿಂಗ್ ಶಾಪಿನಲ್ಲಿ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ.

"ನೋಡಮ್ಮಿ, ಅವತ್ತು ಟೀವಿ ಎತ್ತಿ ಜಗಲಿ ಮ್ಯಾಲ್ ಇಟ್ಬುಡಾಣ. ಬೀದಿಯವ್ರೆಲ್ಲ ನೋಡ್ಲಿ."

"ಬ್ಯಾಡ," ಅಂದಳು ಅಂಬುಜಮ್ಮ.

"ಯಾಕ್ ಬ್ಯಾಡ? ಮಾರ್ಕೆಟ್ಟಲ್ಲಿ ನಮ್ ಗೂಡು ತಕಳ್ಳೋ ಗಫಾರ್ ಸಾಬ್ರೂ ಬತ್ತೀನಿ ಅಂದವ್ರೆ. ಒಸಿ ಕೋಳಿ ಗೀಳಿ ಮಾಡ್ಬುಡಿ."

"ಬಿಸ್ಲಲ್ಲಿ ಟೀವಿ ಕಾಣಕಿಲ್ಲ."

"ಮ್ಯಾಲೆ ಟಾರ್ಪಾಲು ಕಟ್ತೀನಿ."

ಅಂಬುಜಮ್ಮ ತೊಳೆದಿಟ್ಟಿದ್ದ ಸಾರಿನ ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ಹೋದಳು.

ಮುಂದಿನ ಭಾನುವಾರಗಳಲ್ಲಿ ಮನೆಯವರೆಲ್ಲ ಎರಡು ಗಂಟೆಗೆ ಟೀವಿ ಮುಂದೆ ಕೂತರು. ಯಾವುದೋ ಊರಿನ ಸೊಸೆ, ನಮ್ಮತ್ತೆ ಮೊಟ್ಟೆ ಎಣಿಸಿಟ್ಟು ಹೊಲಕ್ಕೆ ಹೋಗುತ್ತಾರೆ ಅಂದಳು. ಸಿದ್ದಯ್ಯ ಬಿದ್ದುಬಿದ್ದು ನಕ್ಕ. ಇನ್ನೊಬ್ಬಳು, ನಾನು ಬಾಣಂತಿಯಾಗಿದ್ದಾಗ ಅತ್ತೆ ಬಿಸಿನೀರೂ ಕೊಡಲಿಲ್ಲ ಅಂದಳು. ಪರದೆಯ ಮೂಲೆಯಲ್ಲಿ ಗಾಜಿನ ಡಬ್ಬಿಯೊಳಗೆ ಆ ಅತ್ತೆ ನಾದಸ್ವರಕ್ಕೆ ತಾಳ ಹಾಕುತ್ತ ಕೂತಿದ್ದಳು. ಪಾಪ, ಊರಿಗೆ ಹೋಗಿ ಹೇಗೆ ಮುಖ ತೋರಿಸಿದಳೋ ಅಂತ ಅಂಬುಜಮ್ಮನಿಗೆ ಅವಳ ಮೇಲೆ ಅಯ್ಯೋ ಅನ್ನಿಸಿತು. ಅವತ್ತು ಅನ್ನ ಸೇರಲಿಲ್ಲ.

ಮಾರನೆಯ ದಿನದಿಂದ ಅವಳು ಸೊಸೆಯನ್ನು ತಲೆಯ ಮೇಲೆ ಹೊತ್ತುಕೊಂಡಳು. ಲತಾಮಣಿ ಏಳುವ ಮೊದಲೇ ಅಂಗಳ ಗುಡಿಸಿ ಸಾರಿಸಿರುತ್ತಿದ್ದಳು. ಹಾಲಿನ ಕೆನೆ ಸೊಸೆಯ ಲೋಟಕ್ಕೆ, ಮುದ್ದೆ ಮೊದಲು ಸೊಸೆಯ ತಟ್ಟೆಗೆ. ಸೊಪ್ಪಿನ ಹೊರೆ ಹೊರಲು ಹೋದರೆ, "ಇಳ್ಸು, ಇಳ್ಸು, ನಿಂಗ್ಯಾಕೆ?" ಅಂತ ಕಿತ್ತುಕೊಳ್ಳುತ್ತಿದ್ದಳು. ಒಂದು ವಾರ ಸಹಿಸಿದ ಲತಾಮಣಿ ಎಂಟನೇ ದಿನ ಪೊರಕೆ ಹಿಡಿದುಕೊಂಡು ನಿಂತಳು.

"ಅತ್ತೆ, ನಾನೇನ್ ನೆಂಟ್ರ ಹೆಣ್ಣಾ ಈ ಮನೇಲಿ?"

"ನಾನೇನಂದೆ ಈಗ?"

"ಏನೂ ಅನ್ನಕಿಲ್ಲ, ಅದೇ ಭಯ. ಕೈಲಿರೋ ಪೊರಕೆ ಕಿತ್ಕತೀರಿ, ಸೌಟು ಕಿತ್ಕತೀರಿ. ನನ್ ಕೆಲ್ಸ ನಿಮ್ಗೆ ಹಿಡಿಸ್ತಿಲ್ವ?"

"ವಯಸ್ಸಾದವ್ಳು, ಕೈಕಾಲು ಆಡ್ಲಿ ಅಂತ ಮಾಡ್ತೀನಿ."

"ಮಂಡಿನೋವು ಅಂತ ನೆನ್ನೆ ಎಣ್ಣೆ ತಿಕ್ಕಿಸ್ಕಂಡ್ರಿ."

ಸಿದ್ದಯ್ಯ ಜಗಲಿಯಿಂದಲೇ, "ಸೊಸೆಗೆ ಕೆಲ್ಸ ಮಾಡ್ಬ್ಯಾಡ ಅಂದ್ರೂ ಜಗಳ, ಮಾಡು ಅಂದ್ರೂ ಜಗಳ. ನಂಗೊಂದ್ ಲೋಟ ಕಾಪಿ ಸಿಕ್ಕೋದು ಯಾವಾಗ?" ಅಂದ. ಇಬ್ಬರೂ ಒಟ್ಟಿಗೇ ಒಳಗೆ ಹೋದರು. ಅವತ್ತು ಅವನಿಗೆ ಎರಡು ಲೋಟ ಕಾಫಿ ಬಂತು.

ಒಂದು ಸಂಜೆ ಸಿದ್ದಯ್ಯ ಡೈರಿಗೆ, ಲತಾಮಣಿ ತೋಟಕ್ಕೆ ಹೋಗಿದ್ದ ಹೊತ್ತು ನೋಡಿ ಅಂಬುಜಮ್ಮ ದಿವ್ಯಳ ಕೈಯಲ್ಲಿ ಟೀವಿಯವರಿಗೆ ಫೋನು ಹಚ್ಚಿಸಿದಳು. ಮುಬಶ್ಶಿರಾ ಅಂತ ಒಬ್ಬ ಹುಡುಗಿ ಅಲ್ಲಿ ಇವರಿಗೆ ಸೀರೆಗೆ ಪಿನ್ನು ಹಾಕಿ, ಊಟಕ್ಕೆ ಕೂರಿಸಿ, ಎಲ್ಲ ನೋಡಿಕೊಂಡಿದ್ದಳು. ನಂಬರು ಅವಳದೇ.

"ಯಾರಮ್ಮ? ಓ, ಚನ್ನಪಟ್ಟಣದ ಅಮ್ಮ. ಹೇಳಿ, ಚೆನ್ನಾಗಿದ್ದೀರಾ?"

"ಚೆಂದಾಗಿವ್ನಿ ಕಣವ್ವ. ನಮ್ ಹುಡ್ಗಿ ಕೊನೇಲಿ ಅಂದ್ಳಲ್ಲ, ಆ ಒಂದ್ ಮಾತ ತಗ್ದಾಕ್ಬುಡು. ಫ್ರಿಜ್ಜು ಬ್ಯಾಡ ನಮ್ಗೆ. ಬೇರೆ ಯಾರ್ಗಾರ ಕೊಟ್ಬುಡಿ."

"ಅಮ್ಮ, ಅದನ್ನ ತೆಗೆಯೋದು ನನ್ನ ಕೈಲಿಲ್ಲ. ತೆಗೆಯೋದೂ ಬೇಡ. ನಾನು ಹತ್ತು ಸಲ ನೋಡಿದ್ದೀನಿ, ಹತ್ತು ಸಲವೂ ಕಣ್ಣಲ್ಲಿ ನೀರು ಬಂತು. ನೀವು ಅದನ್ನ ಕೇಳಲೇಬೇಕು."

ಬೇರೆಯವರ ಮನೆಯ ಹುಡುಗಿಗೇ ಕಣ್ಣಲ್ಲಿ ನೀರು ಬಂದಿದೆ ಅಂದ ಮೇಲೆ ಇನ್ನೇನು ಉಳಿಯಿತು? ಅಂಬುಜಮ್ಮ ಫೋನಿಟ್ಟು, "ಯಾರ್ಗೂ ಹೇಳ್ಬ್ಯಾಡ ಕಣೆ," ಅಂತ ಮೊಮ್ಮಗಳಿಗೆ ಚಕ್ಕುಲಿ ಕೊಟ್ಟಳು. ಶನಿವಾರ ಅಪ್ರಮೇಯಸ್ವಾಮಿ ಗುಡಿಗೆ ಹೋಗಿ, ಸ್ವಾಮಿ, ಅದೊಂದು ಬಾರದೇ ಇರಲಿ ಅಂತ ಕೈಮುಗಿದು ಬಂದಳು.

ದೇವರಿಗೆ ಆ ವಾರ ಕೆಲಸ ಕಡಿಮೆಯಿತ್ತೋ ಏನೋ. ಒಂಬತ್ತನೇ ಕಂತಿನ ಭಾನುವಾರ ಎಲ್ಲರೂ ಉಂಡು ಟೀವಿ ಹಾಕಿದರೆ ಒಬ್ಬ ಗಂಡಸು ಮಂಡಿನೋವಿನ ಎಣ್ಣೆ ಮಾರುತ್ತಿದ್ದ. ಎರಡೂವರೆಗೂ ಅವನೇ, ಮೂರಕ್ಕೂ ಅವನೇ. ಸಿದ್ದಯ್ಯ ಟೀವಿಯ ತಲೆಗೆರಡು ತಟ್ಟಿದ. ಅನಂತರಾಜು ರಿಮೋಟು ಕಿತ್ತುಕೊಂಡು ಇರುವ ಚಾನೆಲ್ಲುಗಳನ್ನೆಲ್ಲ ಸುತ್ತಿ ಬಂದ. ಕೊನೆಗೆ ಲತಾಮಣಿಯ ಫೋನು ಬಡಿದುಕೊಂಡಿತು. ಮುಬಶ್ಶಿರಾ. ಆಟ ನೋಡುವವರೇ ಇರಲಿಲ್ಲವಂತೆ, ಎಣ್ಣೆ ಕಂಪನಿಯವರು ಕೈಬಿಟ್ಟರಂತೆ, ಎಂಟು ಕಂತಿಗೇ ನಿಲ್ಲಿಸಿದರಂತೆ. ಪ್ರಸಾರವಾಗದ ಕಂತಿಗೆ ಬಹುಮಾನವಿಲ್ಲ. ಕ್ಯಾಮೆರಾದಲ್ಲಿ ಹಿಡಿದಿದ್ದನ್ನು ಕೊಡುವ ಹಾಗಿಲ್ಲ. ತನಗೂ ಬೇರೆ ಕೆಲಸ ಹುಡುಕಿಕೊಳ್ಳಲು ಹೇಳಿದ್ದಾರೆ ಅಂದಳು.

ಅಂಬುಜಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಸುಳ್ಳೇಕೆ, ಅವಳಿಗೆ ನಗುವೇ ಬಂತು. ಅದನ್ನು ಅಡಗಿಸಲು ಸೆರಗು ಬಾಯಿಗಿಟ್ಟುಕೊಂಡು ತಿರುಗಿದರೆ, ಲತಾಮಣಿ ಅಡುಗೆಮನೆಯ ಬಾಗಿಲಿಗೊರಗಿ ಅಳುತ್ತಿದ್ದಳು. ಸಣ್ಣ ಅಳುವಲ್ಲ.

"ಫ್ರಿಜ್ಜಿಗೆಲ್ಲ ಅಳ್ತಾರೇನೆ?" ಅನಂತರಾಜು ಎದ್ದು ಹೋದ. "ದೀಪಾವಳಿಗೆ ಕಂತಲ್ಲಿ ತರಾಣ ಬುಡು."

"ನಂಗ್ ಫ್ರಿಜ್ಜು ಬ್ಯಾಡ."

"ಮತ್ಯಾಕೆ ಅಳ್ತಿದೀಯ?"

"ಬುಡ್ರಿ ನನ್ನ."

ದಿವ್ಯಳಿಗೆ ಅಮ್ಮ ಅತ್ತಿದ್ದು ನೋಡಲಾಗಲಿಲ್ಲ. ಚಕ್ಕುಲಿಯ ಋಣ ಅಲ್ಲಿಗೆ ಮುಗಿಯಿತು. "ಅಜ್ಜಿನೇ ಫೋನ್ ಮಾಡಿ ಬ್ಯಾಡ ಅಂದಿದ್ದು. ಅಮ್ಮ ಹೇಳಿದ್ದ ತಗ್ದಾಕಿ, ಫ್ರಿಜ್ ಬ್ಯಾಡ ಅಂದ್ಲು."

ಲತಾಮಣಿ ಅಳು ನಿಲ್ಲಿಸಿ ಅತ್ತೆಯತ್ತ ನೋಡಿದಳು.

"ನಿಜವಾ ಅತ್ತೆ?"

"ಹೂಂ. ಮಾಡ್ದೆ."

"ನೀವು ಕೇಳ್ಬೇಕು ಅಂತ್ಲೇ ಕಣತ್ತೆ ನಾನು ಅಲ್ಲಿಗಂಟ ಹೋಗಿದ್ದು. ಕೇಳೋ ಮುಂಚೆನೇ ನನ್ ಬಾಯಿ ಮುಚ್ಸಕ್ಕೆ ನೋಡುದ್ರಾ?"

"ನನ್ ಮಾನ ಹರಾಜಾಗೋದ ನಾನ್ಯಾಕೆ ಕೂತ್ಕಂಡ್ ಕೇಳ್ಬೇಕು?"

"ನಿಮ್ ಮಾನನಾ?" ಅಂದಳು ಲತಾಮಣಿ. ಅವಳ ಮುಖದಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. ಇನ್ನೇನೋ ಹೇಳಲು ಹೋದವಳು ಗಂಡ, ಮಾವ, ಮಗಳು ಎಲ್ಲರನ್ನೂ ಒಮ್ಮೆ ನೋಡಿ, ಕುಡುಗೋಲು ತೆಗೆದುಕೊಂಡು ಸೊಪ್ಪು ಕೊಯ್ಯಲು ಹೊರಟುಹೋದಳು.

ಆಮೇಲೆ ನಾಲ್ಕು ದಿನ ಅತ್ತೆ ಸೊಸೆ ಮಾತಾಡಲಿಲ್ಲ. ಮಾತೆಲ್ಲ ದಿವ್ಯಳ ಮೂಲಕ ನಡೆಯಿತು. ಇಬ್ಬರೂ ಒಂದೇ ಒಲೆಯ ಮುಂದೆ ನಿಂತಿರುತ್ತಿದ್ದರು. "ನಿಮ್ಮಜ್ಜಿಗೆ ಉಪ್ಪು ಹಾಕೈತೆ ಅಂತ ಹೇಳೆ." "ನಿಮ್ಮಮ್ಮಂಗೆ ನಂಗೂ ಕಣ್ಣೈತೆ ಅಂತ ಹೇಳೆ." ದಿವ್ಯ ನಡುವೆ ನಿಂತು ಅತ್ತಿತ್ತ ತಿರುಗಿ ಸಾಕಾಗಿ, ನಂಗೆ ಹೋಂವರ್ಕ್ ಐತೆ ಅಂತ ಎದ್ದು ಹೋದಳು. ಸಿದ್ದಯ್ಯ ಹೆಂಡತಿಗೆ ಒಂದೇ ಮಾತು ಹೇಳಿದ.

"ಆ ಹುಡ್ಗಿ ಏನೋ ಹೇಳಕ್ಕೆ ಒದ್ದಾಡ್ತಾವ್ಳೆ. ನೀನು ಏನಂತ ಕೇಳೋದ್ ಬುಟ್ಟು, ಏನಂದಿರ್ಬೈದು ಅಂತ ಯೋಚ್ನೆ ಮಾಡ್ಕಂಡು ಸಾಯ್ತಿದೀಯ."

ಆ ಮಾತು ಅಂಬುಜಮ್ಮನನ್ನು ಬಿಡಲಿಲ್ಲ.

ಐದನೇ ದಿನ ಹುಳು ಹಣ್ಣಾದವು. ಬೆಳಗ್ಗೆ ಎದ್ದು ನೋಡಿದರೆ ಲತಾಮಣಿ ಆಗಲೇ ಹುಳುವಿನ ಮನೆಯಲ್ಲಿದ್ದಳು. ಅನಂತರಾಜು ಮೊದಲ ಶಿಫ್ಟಿಗೆ ಹೋಗಿದ್ದ, ದಿವ್ಯ ಸ್ಕೂಲಿಗೆ. ಚಂದ್ರಿಕೆ ಸಾಲದೆ ಬಂದು ಸಿದ್ದಯ್ಯ ಬೇರೆ ಬೀದಿಯಲ್ಲಿ ಕೇಳಿ ತರಲು ಹೋದ. ಉಳಿದವರು ಇವರಿಬ್ಬರೇ. ಕಿಟಕಿಯಿಂದ ಹತ್ತು ಗಂಟೆಯ ಬಿಸಿಲು ಬರುತ್ತಿತ್ತು. ಮೈ ಹೊಳೆಯುವ ಹಣ್ಣುಹುಳುಗಳನ್ನು ಆರಿಸುತ್ತ ಒಬ್ಬಳು ಆ ತುದಿಯಲ್ಲಿ, ಒಬ್ಬಳು ಈ ತುದಿಯಲ್ಲಿ ಕೆಲಸ ಮಾಡತೊಡಗಿದರು. ಮಾಡುತ್ತ ಮಾಡುತ್ತ ನಡುವಿನ ಜಾಗ ಮುಗಿದು ಇಬ್ಬರ ಕೈಗಳೂ ಒಂದೇ ಕಡೆ ಬಂದವು.

"ಲತಾ," ಅಂದಳು ಅಂಬುಜಮ್ಮ. "ಅವತ್ತು ನನ್ ಕಿವಿ ಮುಚ್ಚಿದ್ರು. ಈಗ ತೆರ್ದೈತೆ. ಏನಂದ್ಯೋ ಅದ ಹೇಳು."

ಲತಾಮಣಿ ಹುಳು ಆರಿಸುತ್ತಲೇ ಇದ್ದಳು.

"ಸರಿ, ನಾನೇ ಹೇಳ್ತೀನಿ. ಇಂಥದೇ ಒಂದಿನ ಬಸುರಿ ಹೆಣ್ಣ ಎಬ್ಬಿಸ್ದೆ. ಹುಳ ಹೋದ್ರೆ ಹೋಗ್ಲಿ ಅನ್ನೋ ಮನ್ಸು ನಂಗೆ ಬರ್ನಿಲ್ಲ. ನಾಕು ವರ್ಸದಿಂದ ನಿನ್ ಮುಖ ನೋಡ್ದಾಗೆಲ್ಲ ಅದೇ ನೆಪ್ಪಾಯ್ತದೆ. ತಪ್ಪಾಯ್ತು ಅಂತ ಒಂದಿನಾನೂ ಅನ್ನಕ್ಕಾಗ್ನಿಲ್ಲ. ಈಗ ಅಂತೀನಿ. ತಪ್ಪಾಯ್ತು ಕಣವ್ವ. ಅದ್ನೇ ತಾನೆ ನೀನು ಅಲ್ಲಿ ಹೇಳಿದ್ದು?"

ಲತಾಮಣಿ ಕೈಯಲ್ಲಿದ್ದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

"ಅದಲ್ಲ ಅತ್ತೆ. ನಂಗೆ ಹಿಂದಿನ್ ದಿನ ಸಾಯಂಕಾಲನೇ ಶುರುವಾಗಿತ್ತು. ಬಟ್ಟೆ ಮೇಲೆ ರಕ್ತ ಕಂಡಿತ್ತು, ಹೊಟ್ಟೆ ಹಿಂಡ್ತಿತ್ತು. ಯಾರ್ಗೂ ಹೇಳ್ನಿಲ್ಲ."

"ಯಾಕೆ?"

"ನನ್ ಮೊದ್ಲನೇ ಬೆಳೆ ಅಲ್ವ? ಹೇಳುದ್ರೆ ನೀವು ನನ್ನ ಹುಳಿನ್ ಮನೆಗೇ ಬುಡ್ತಿರ್ನಿಲ್ಲ, ಸೀದಾ ಆಸ್ಪತ್ರೆಗೆ ಎಳ್ಕಂಡೋಗ್ತಿದ್ರಿ. ಅದು ನಂಗೊತ್ತಿತ್ತು. ಒಂದಿನ ತಡ್ಕಳಾಣ, ಬೆಳೆ ಮುಗೀಲಿ ಅಂದ್ಕಂಡೆ. ನೀವ್ ಎಬ್ಬಿಸ್ದಾಗ ನಾನು ಎಚ್ರವಾಗೇ ಇದ್ದೆ." ಅವಳು ಬೆರಳು ಹಿಸುಕಿಕೊಂಡಳು. "ಆಸ್ಪತ್ರೆ ಬಾಗ್ಲಲ್ಲಿ ಅವ್ರು ನಿಮ್ಮನ್ನ ಅಂದಿದ್ದು ಒಳಗೆ ಮಲಗಿದ್ದ ನಂಗೂ ಕೇಳುಸ್ತು. ನಿಜ ಹೇಳ್ತೀನಿ ಅತ್ತೆ, ನಂಗ್ ಸಮಾಧಾನ ಆಯ್ತು. ಸದ್ಯ, ನನ್ನ ಅನ್ನಲಿಲ್ವಲ್ಲ ಅಂತ. ಆಮ್ಯಾಕೆ ಊರೋರೆಲ್ಲ ನಿಮ್ಮನ್ನ ಅಂದ್ರು. ನಾನು ಸುಮ್ಕಿದ್ದೆ. ಒಂದಿನ ಬುಟ್ಟಿದ್ದು ಇನ್ನೊಂದಿನ ಹೇಳಕ್ಕಾಗ್ನಿಲ್ಲ. ಟೀವೀಲಿ ಆ ಗುಟ್ಟಿನ್ ಪ್ರಶ್ನೆ ನೋಡೇ ಫಾರಂ ಹಾಕಿದ್ದು. ಊರೆಲ್ಲ ನಿಮ್ಮನ್ನ ಅಂದೈತೆ, ಊರೆಲ್ಲ ಕೇಳಂಗೇ ಹೇಳ್ಬೇಕು ಅಂತ."

ಅಂಬುಜಮ್ಮ ನಿಂತಲ್ಲೇ ನಿಂತಳು. ಮೊದಲು ಬಂದಿದ್ದು ಕೋಪ. ಕೆನ್ನೆಗೆ ಎರಡು ಬಾರಿಸುವಷ್ಟು ಕೋಪ.

"ನಾಕು ವರ್ಸ ಕಣೆ," ಅಂದಳು. "ನಾಕು ವರ್ಸ ನನ್ ಮಗ ನನ್ ಜೊತೆ ಕೂತು ಒಂದ್ ಮಾತಾಡ್ನಿಲ್ಲ. ನಾನೇ ಕೊಂದೆ ಅಂದ್ಕಂಡು ನಾನು ದೇವ್ರ ಮುಂದೆ ನಿಂತ್ಕಳಕ್ಕೂ ಹೆದರ್ತಿದ್ದೆ. ನಿಂಗೆ ಒಂದಿನಾನಾದ್ರೂ..."

ನೆಲದ ಮೇಲೆ ಮುದುರಿ ಕೂತವಳನ್ನು ನೋಡಿದಳು. ಆ ಹಿಂದಿನ ಸಂಜೆ ಇದೇ ಹುಡುಗಿ ಎಲ್ಲರಿಗೂ ಮುದ್ದೆ ಬಡಿಸಿದ್ದಳು. ಅದು ಅಂಬುಜಮ್ಮನಿಗೆ ಚೆನ್ನಾಗಿ ನೆನಪಿತ್ತು. ಬಡಿಸಿ, ಪಾತ್ರೆ ಬೆಳಗಿ, ಹುಳುವಿಗೆ ಸೊಪ್ಪು ಹಾಕಿ ಮಲಗಲು ಹೋಗಿದ್ದಳು. ಅವಳನ್ನು ಬಿಟ್ಟು ಮನೆಯಲ್ಲಿ ನಾಲ್ಕು ಜನರಿದ್ದರು. ಒಬ್ಬರಿಗೂ ತಿಳಿಯಲಿಲ್ಲ.

ಅಂಬುಜಮ್ಮ ಮಂಡಿನೋವನ್ನೂ ಮರೆತು ಅವಳ ಎದುರಿಗೆ ಕೂತಳು.

"ಬಾಳ ನೋವಿತ್ತೇನವ್ವ?"

ಲತಾಮಣಿ ತಲೆಯಾಡಿಸಿದಳು.

"ಒಬ್ಳೇ ಹೆಂಗ್ ತಡ್ಕಂಡೆ ತಾಯಿ?"

ಇಷ್ಟು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಲತಾಮಣಿ ಅತ್ತೆಯ ಮಡಿಲಿಗೆ ಮುಖವಿಟ್ಟು ಅತ್ತಳು. ಅಂಬುಜಮ್ಮ ಅವಳ ಬೆನ್ನು ಸವರುತ್ತ ತಾನೂ ಅತ್ತಳು. ಸುತ್ತ ಹಣ್ಣುಹುಳುಗಳು ದಾರಿ ಹುಡುಕಿಕೊಂಡು ತಟ್ಟೆಯ ಅಂಚಿಗೆ ಹತ್ತುತ್ತಿದ್ದವು. ಅವನ್ನು ಇಬ್ಬರೂ ನೋಡಲಿಲ್ಲ. ಚಂದ್ರಿಕೆ ಹೊತ್ತು ಬಂದ ಸಿದ್ದಯ್ಯ ಬಾಗಿಲಲ್ಲೇ ನಿಂತು, ಸದ್ದು ಮಾಡದೆ ಚಂದ್ರಿಕೆ ಗೋಡೆಗೊರಗಿಸಿ, ತಾನೊಬ್ಬನೇ ಆ ಕಡೆಯಿಂದ ಹುಳು ಆರಿಸಲು ಶುರು ಮಾಡಿದ.

"ಇವತ್ತೇ ಅವ್ರಿಗೆ ಹೇಳ್ತೀನಿ," ಅಂದಳು ಲತಾಮಣಿ, ಮುಖ ಒರೆಸಿಕೊಂಡು.

"ಬ್ಯಾಡ ಕಣೆ. ನನ್ ಮ್ಯಾಲಿರೋ ಕೋಪ ನಿನ್ ಮ್ಯಾಲೆ ತಿರುಗ್ತದೆ. ನಂಗೆ ಅಭ್ಯಾಸ ಆಗೋಗೈತೆ."

"ನಂಗ್ ಆಗಿಲ್ಲ ಅತ್ತೆ."

ಅನಂತರಾಜು ಶಿಫ್ಟು ಮುಗಿಸಿ ಬರುವಾಗ ಮೂರೂವರೆ. ಹುಳುವಿನ ಕೆಲಸದಲ್ಲಿ ಯಾರದೂ ಊಟವಾಗಿರಲಿಲ್ಲ. ಎಲ್ಲರೂ ಒಟ್ಟಿಗೇ ಕೂತರು. ಮುದ್ದೆ, ಸೊಪ್ಪಿನ ಸಾರು. ಎರಡು ತುತ್ತು ನುಂಗುವಷ್ಟರಲ್ಲಿ ಲತಾಮಣಿ ತಟ್ಟೆ ಸರಿಸಿ, "ನಿಮ್ಗೊಂದ್ ಮಾತು ಹೇಳ್ಬೇಕು," ಅಂದಳು. ಹುಳುವಿನ ಮನೆಯಲ್ಲಿ ಹೇಳಿದ್ದನ್ನೇ ಹೇಳಿದಳು. ಈ ಸಲ ನೆಲ ನೋಡಲಿಲ್ಲ, ಗಂಡನ ಮುಖವನ್ನೇ ನೋಡಿಕೊಂಡು ಹೇಳಿದಳು. ಎರಡು ಕಡೆ ಧ್ವನಿ ನಿಂತುಹೋಯಿತು. ಅಂಬುಜಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟಳು. ಲತಾಮಣಿ ಮತ್ತೆ ಮುಂದುವರಿಸಿದಳು.

ಅನಂತರಾಜುವಿನ ಕೈ ತಟ್ಟೆಯಲ್ಲೇ ಉಳಿಯಿತು. ಅವನು ಹೆಂಡತಿಯನ್ನು ನೋಡಿದ, ಅಪ್ಪನನ್ನು ನೋಡಿದ. ಕೊನೆಗೆ ಅವ್ವನತ್ತ ತಿರುಗಿದ. ಆಸ್ಪತ್ರೆಯ ಬಾಗಿಲಲ್ಲಿ ತಾನು ಕೇಳಿದ್ದು ಅವನಿಗೆ ನೆನಪಾಗಿತ್ತು ಅನ್ನುವುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

"ಅಂಗಾದ್ರೆ ನಿಂದೇನೂ ತಪ್ಪಿರ್ನಿಲ್ವೇನವ್ವ?" ಅಂದ.

ಅಂಬುಜಮ್ಮ ನಾಲ್ಕು ವರ್ಷದಿಂದ ಕಾದಿದ್ದು ಈ ಪ್ರಶ್ನೆಗೇ. ಇಲ್ಲ ಕಣಪ್ಪ ಅಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಪಕ್ಕದಲ್ಲಿ ತಲೆ ಬಗ್ಗಿಸಿ ಕೂತಿದ್ದ ಸೊಸೆಯನ್ನು ನೋಡಿದಳು.

"ಇತ್ತು ಕಣಪ್ಪ," ಅಂದಳು. "ಅವತ್ತು ದೀಪ ಹಿಡ್ಕಂಡು ಇವ್ಳನ್ನ ಎಬ್ಬಿಸಕ್ಕೋದೆ. ದೀಪ ಕೈಲೇ ಇತ್ತು, ಮುಖ ನೋಡ್ನಿಲ್ಲ. ನೋಡಿದ್ರೆ ಗೊತ್ತಾಗ್ತಿತ್ತು. ಇವ್ಳು ಹೇಳ್ದೆ ಇದ್ದಿದ್ದು ಇವ್ಳದು. ನಾನ್ ನೋಡ್ದೆ ಇದ್ದಿದ್ದು ನಂದು."

ಅನಂತರಾಜು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. ಆಮೇಲೆ, "ನಾನೂ ಇವ್ಳ ಪಕ್ಕದಲ್ಲೇ ಮಲಗಿದ್ದೆ ಕಣವ್ವ," ಅಂದ.